ಆಯಿಯ ಫೋನಿನಲ್ಲಿ ಇರುವೆ ಸಾಲು



ನಾನು ಪುಣೆಯಲ್ಲಿ ಮೊಬೈಲ್ ಆ್ಯಪ್‌ಗಳಿಗೆ ಚಿತ್ರ, ಐಕಾನ್ ಮಾಡುವ ಕೆಲಸದಲ್ಲಿದ್ದೇನೆ. ಒಂದೇ ಚಿತ್ರವನ್ನು ಐದು ಅಳತೆಯಲ್ಲಿ ಮಾಡಬೇಕು ಎಂದರೆ ಊರಲ್ಲಿ ಎಲ್ಲರೂ ನಗುತ್ತಿದ್ದರು. ಯಾಕೆ ಐದು ಎಂಬುದು ಸಾಸ್ತೂರದ ನಮ್ಮ ಮನೆಯಲ್ಲೇ ಎಲ್ಲರಿಗೂ ತಿಳಿಯುವಂತಾಯಿತು.

ನಮ್ಮ ಆಯಿಯ ತವರು ಬಸವಕಲ್ಯಾಣ. ಮರಾಠಿ ಚೆನ್ನಾಗಿ ಮಾತಾಡುತ್ತಾಳೆ, ಓದುವುದು ಮಾತ್ರ ಕನ್ನಡ. ಶುಗರ್‌ಗೆ ದಿನಕ್ಕೆ ಮೂರು ಗುಳಿಗೆ. ಅವಳ ಹಳೆಯ ಫೋನಿನಲ್ಲಿ ಗುಳಿಗೆಯ ಹೊತ್ತು ನೆನಪಿಸುವ ಒಂದು ಆ್ಯಪ್ ಇತ್ತು. ‘ಊಟಕ್ಕೆ ಮುಂಚೆ’, ‘ಊಟದ ನಂತರ’ ಎಂಬ ಮಾತುಗಳೆಲ್ಲ ಅದರಲ್ಲಿ ಚಿತ್ರವಾಗಿಯೇ ಇದ್ದವು. ಆ ಕಾಲಕ್ಕೆ ಬೇರೆ ದಾರಿಯೂ ಇರಲಿಲ್ಲವೆನ್ನಿ. ಆ್ಯಂಡ್ರಾಯ್ಡ್‌ನಲ್ಲಿ ಕನ್ನಡಕ್ಕೆ ಬೆಂಬಲ ಬಂದದ್ದೇ 2012ರ 4.1 ಆವೃತ್ತಿಯಲ್ಲಿ.

ಕಾಕಾ ಹೊಸ ಫೋನ್ ತಂದುಕೊಟ್ಟರು. ಅದೇ ಆ್ಯಪ್ ಹಾಕಿದೆವು. ಆಯಿ ಕಣ್ಣು ಕಿರಿದು ಮಾಡಿ, “ಇವು ಅಕ್ಷರ ಅವಾ, ಇಲ್ಲಾ ಇರುವಿ ಸಾಲ್ ಅದಾ? ನನ್ನ ಕಣ್ಣೇ ಹೋದ್ವು ಕಾಣ್ತದ” ಎಂದಳು. ಪೊರೆ ಬಂದಿರಬೇಕು ಎಂದು ಮನೆಯಲ್ಲಿ ಮಾತಾಯಿತು. ಅಷ್ಟರಲ್ಲಿ ಊಟಕ್ಕೆ ಮುಂಚಿನ ಗುಳಿಗೆ ಎರಡು ದಿನ ಊಟವಾದ ಮೇಲೆ ಹೋಗಿತ್ತು.

ಕಣ್ಣಿಗೆ ಏನೂ ಆಗಿರಲಿಲ್ಲ. ಫೋನಿನ ಪರದೆ ಎಂದರೆ ಚುಕ್ಕೆ ರಂಗೋಲಿ ಇದ್ದಂತೆ. ಹಳೆಯ ಫೋನಿನಲ್ಲಿ ಇಂಚಿಗೆ 160 ಚುಕ್ಕೆ, ಹೊಸದರಲ್ಲಿ 480. ಆ್ಯಪ್‌ನವರು ಅಳತೆಯನ್ನು ಬರೀ ಚುಕ್ಕೆಗಳಲ್ಲಿ, ಅಂದರೆ ಪಿಕ್ಸೆಲ್‌ನಲ್ಲಿ ಕೊಟ್ಟಿದ್ದರು. ಹಾಗಾಗಿ ಹಳೆಯದರಲ್ಲಿ ಒಂದು ಇಂಚು ಅಗಲ ಇದ್ದ ಚಿತ್ರ ಹೊಸದರಲ್ಲಿ ಮೂರರಲ್ಲಿ ಒಂದು ಪಾಲಾಯಿತು. ಪರದೆ ದೊಡ್ಡದು, ಅಕ್ಷರ ಸಣ್ಣದು!

ಮುಂದಿನ ಅಪ್‌ಡೇಟ್‌ನಲ್ಲಿ ಅವರು ಅದೇ ಚಿತ್ರವನ್ನು ಮೂರು ಪಟ್ಟು ಹಿಗ್ಗಿಸಿದರು. ಅಕ್ಷರ ದೊಡ್ಡವಾದವು, ಆದರೆ ಮಳೆಯಲ್ಲಿ ನೆನೆದ ಕಾಗದದಂತೆ ಮಸುಕಾದವು. ಇಂಗ್ಲಿಷ್ ಅಕ್ಷರ ಇದನ್ನು ಹೇಗೋ ತಡೆದುಕೊಳ್ಳುತ್ತದೆ. ನಮ್ಮ ‘ಕ್ಕೆ’ಯ ಒತ್ತು ಎಲ್ಲಿ ಹೋಯಿತೋ!

ಅದಕ್ಕೇ ಆ್ಯಂಡ್ರಾಯ್ಡ್‌ನಲ್ಲಿ ಅಳತೆಯನ್ನು ಡಿಪಿಯಲ್ಲಿ ಕೊಡುತ್ತಾರೆ. ಇಂಚಿಗೆ 160 ಚುಕ್ಕೆಯ ಪರದೆಯಲ್ಲಿ ಒಂದು ಡಿಪಿ ಎಂದರೆ ಒಂದು ಚುಕ್ಕೆ. 48 ಡಿಪಿಯ ಐಕಾನ್‌ಗೆ ಅಲ್ಲಿ 48 ಚುಕ್ಕೆ ಸಾಕು; 240ರ ಪರದೆಗೆ 72, 320ಕ್ಕೆ 96, 480ಕ್ಕೆ 144, 640ಕ್ಕೆ 192 ಬೇಕು. ಇವೇ ನನ್ನ ಆ ಐದು ಚಿತ್ರಗಳು. ಯಾವುದು ಹೊಂದುತ್ತದೋ ಅದನ್ನು ಫೋನೇ ಆರಿಸಿಕೊಳ್ಳುತ್ತದೆ. ಸರಳ ಐಕಾನ್ ಆದರೆ ಒಂದೇ ವೆಕ್ಟರ್ ಚಿತ್ರ ಸಾಕು, ಎಷ್ಟು ಹಿಗ್ಗಿಸಿದರೂ ಅಂಚು ಕೆಡದು. ಫೋಟೋಗೆ ಅದು ನಡೆಯುವುದಿಲ್ಲ.

ಅಕ್ಷರವನ್ನಂತೂ ಈಗ ಚಿತ್ರದೊಳಗೆ ಕೂಡಿಸಲೇಬೇಡಿ. ಅಕ್ಷರವಾಗಿಯೇ ಬರೆದು ಎಸ್‌ಪಿ ಅಳತೆ ಕೊಟ್ಟರೆ, ಹಿರಿಯರು ಸೆಟ್ಟಿಂಗ್ಸ್‌ನಲ್ಲಿ ಫಾಂಟ್ ದೊಡ್ಡದು ಮಾಡಿಕೊಂಡಾಗ ಅದೂ ದೊಡ್ಡದಾಗುತ್ತದೆ.

ನಮ್ಮ ಹುಡುಗ ಹುಡುಗಿಯರಲ್ಲಿ ಆ್ಯಪ್ ಮಾಡಲು ಕಲಿಯುತ್ತಿರುವವರು ಈಗ ಸಾಕಷ್ಟಿದ್ದೀರಿ. ಕಂಪ್ಯೂಟರಿನ ಪರದೆಯಲ್ಲಷ್ಟೇ ನೋಡಿ ಮುಗಿಸಬೇಡಿ. ಭಾನುವಾರ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ನಿಂತಿರುವ ಹಿರಿಯರ ಐದಾರು ಫೋನ್ ಕೇಳಿ ಪಡೆದು, ಅವುಗಳಲ್ಲಿ ತೆರೆದು ನೋಡಿ. ಗಾಜು ಒಡೆದ ಹಳೆಯ ಫೋನೂ ಒಂದಿರಲಿ.