ನಡುಮನೆಗೆ ಬಂದ ತೊಗಲು

ಚಪ್ಪಲಿಯನ್ನು ಹೊಸ್ತಿಲಾಚೆ ಬಿಡಿಸುವ ಮನೆಗಳೇ ಈಗ ನಡುಮನೆಯಲ್ಲಿ ಏಳಡಿ ಉದ್ದದ ಚರ್ಮದ ಸೋಫಾ ಹಾಕಿ ನೆಂಟರನ್ನು ಕೂರಿಸುತ್ತಿವೆ. ದೂರುತ್ತಿಲ್ಲ. ಕೃಷ್ಣಾಜಿನದ ಮೇಲೆ ಕೂತು ಜಪ ಮಾಡಿದವರ, ಹುಲಿಚರ್ಮದ ಮೇಲೆ ಕೂತ ಗುರುಗಳ ಪಟಕ್ಕೆ ಕೈಮುಗಿದವರ ನಾಡಿನಲ್ಲಿ ಚರ್ಮದ ಆಸನವೇನೂ ಹೊಸದಲ್ಲ. ಜಿಂಕೆಯದಾದರೆ ಮಡಿ, ಎಮ್ಮೆಯದಾದರೆ ಮೈಲಿಗೆ ಎಂಬ ಲೆಕ್ಕ ಹೇಗೆ ಹುಟ್ಟಿತೋ, ಹುಟ್ಟಿಸಿದವರೇ ಹೇಳಬೇಕು. ಈಗಂತೂ ಇಎಂಐ ಮೇಲೆ ಬಂದ ಎಮ್ಮೆಗೆ ಯಾವ ಮೈಲಿಗೆಯೂ ಇಲ್ಲ.

ನಮ್ಮ ತಲೆಮಾರಿನ ಬಹುಪಾಲು ಜನ ಚರ್ಮದ ಮೇಲೆ ಕೂರುವುದಕ್ಕೆ ಮುಂಚೆ ರೆಕ್ಸಿನ್ ಮೇಲೆ ಕೂತವರು. ಸರ್ಕಾರಿ ಬಸ್ಸಿನ ಸೀಟು, ಊರಿನ ಟಾಕೀಸಿನ ಬಾಲ್ಕನಿ, ಡಾಕ್ಟರು ಹೊಟ್ಟೆ ಒತ್ತಿ ನೋಡುವ ಎತ್ತರದ ಮಂಚ, ಎಲ್ಲವೂ ರೆಕ್ಸಿನ್ನೇ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದ ಹೈಡ್ ಎಂಬ ಊರಿನ ಕಂಪನಿ ಬಟ್ಟೆಗೆ ಲೇಪ ಬಳಿದು ಮಾರುತ್ತಿದ್ದ ಸರಕಿನ ಹೆಸರು ಅದು. ಕಂಪನಿಯನ್ನು ಯಾರೂ ನೆನೆಯುವುದಿಲ್ಲ, ಹೆಸರು ಮಾತ್ರ ಹಳ್ಳಿಯ ಸೈಕಲ್ ಅಂಗಡಿವರೆಗೂ ಬಂದು ಉಳಿಯಿತು. ಬೇಸಿಗೆಯಲ್ಲಿ ಬೆನ್ನಿಗೆ ಅಂಟುತ್ತಿತ್ತು. ಹರಿದ ಕಡೆ ಬೆರಳು ತೂರಿಸಿದರೆ ಒಳಗಿನ ತೆಂಗಿನ ನಾರು ಸಿಗುತ್ತಿತ್ತು. ಆದರೆ ಅದರಲ್ಲಿ ಒಂದು ಮರ್ಯಾದೆ ಇತ್ತು. ನಮ್ಮ ಕಡೆ ಯಾರೂ ರೆಕ್ಸಿನ್ನನ್ನು ಚರ್ಮ ಎಂದು ಮಾರಲಿಲ್ಲ, ಯಾರೂ ಹಾಗೆಂದು ನಂಬಿ ಕೊಳ್ಳಲೂ ಇಲ್ಲ.

ಆ ಮರ್ಯಾದೆ ಈಗ ಹೋಗಿದೆ. ರಿಂಗ್ ರೋಡಿನ ಯಾವುದೇ ಶೋರೂಮಿಗೆ ಹೋಗಿ ನೋಡಿ: ಲೆದರೆಟ್, ಲೆದರ್ ಫಿನಿಶ್, ಏರ್ ಲೆದರ್, ವೀಗನ್ ಲೆದರ್, ಬಾಂಡೆಡ್ ಲೆದರ್, ಹಾಫ್ ಲೆದರ್. ಇಷ್ಟು ಲೆದರ್‌ಗಳ ನಡುವೆ ದನ-ಎಮ್ಮೆಗೆ ಸಂಬಂಧಪಟ್ಟದ್ದು ಬಹಳ ಕಡಿಮೆ. ಮೊದಲ ನಾಲ್ಕು ಹೆಸರಿನಡಿ ಸಿಗುವುದು ಬಹುತೇಕ ಬಟ್ಟೆಯ ಮೇಲೆ ಬಳಿದ ಪ್ಲಾಸ್ಟಿಕ್, ಅಂದರೆ ಇಂಗ್ಲಿಷ್ ಕಲಿತ ರೆಕ್ಸಿನ್. ಬಾಂಡೆಡ್ ಎಂದರೆ ಕಾರ್ಖಾನೆಯಲ್ಲಿ ಉಳಿದ ಚರ್ಮದ ಚೂರುಗಳನ್ನು ಪುಡಿಮಾಡಿ, ಅಂಟು ಬೆರೆಸಿ, ಹಾಳೆಯಾಗಿ ಎಳೆದು ಮೇಲೆ ಪಾಲಿಯುರೆಥೇನ್ ಹಚ್ಚಿದ್ದು. ಹಾಫ್ ಲೆದರ್ ಇನ್ನೂ ಜಾಣತನದ್ದು: ಕೂರುವ, ಒರಗುವ, ಕೈಯಿಡುವ ಜಾಗಕ್ಕಷ್ಟೇ ಚರ್ಮ, ಬೆನ್ನ ಹಿಂದೆ, ಪಕ್ಕದಲ್ಲಿ ಅದೇ ಬಣ್ಣದ ನಕಲಿ. ಇದನ್ನು ಹೇಳಿ ಮಾರಿದರೆ ತಪ್ಪಿಲ್ಲ, ಬೆಲೆಯೂ ಇಳಿಯುತ್ತದೆ. ಹೇಳದೆ ಮಾರುವುದೇ ವಾಡಿಕೆ.

ಸರಿ, ಅಸಲಿ ಚರ್ಮವೇ ಎಂದಿಟ್ಟುಕೊಳ್ಳೋಣ. ಅದರಲ್ಲೂ ಮೇಲ್ಜಾತಿ-ಕೆಳಜಾತಿ ಇದೆ. ಹಸಿ ತೊಗಲು ಸೋಫಾಕ್ಕೆ ಬೇಕಾದುದಕ್ಕಿಂತ ಬಹಳ ದಪ್ಪ. ಸೋಫಾಕ್ಕೆ ಬೇಕಾದದ್ದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಆದ್ದರಿಂದ ತೊಗಲನ್ನು ಅಡ್ಡಡ್ಡಲಾಗಿ ಸೀಳುತ್ತಾರೆ. ಕೂದಲು ಇದ್ದ ಮೇಲಿನ ಪದರದಲ್ಲಿ ನಾರುಗಳು ಒತ್ತಾಗಿ ಹೆಣೆದುಕೊಂಡಿರುತ್ತವೆ, ಗಟ್ಟಿ ಇರುವುದು ಅದೇ. ಅದನ್ನು ಉಜ್ಜದೆ ಹಾಗೇ ಉಳಿಸಿಕೊಂಡರೆ ಫುಲ್ ಗ್ರೇನ್. ಕಲೆಗಳು ಕಾಣದಂತೆ ಉಜ್ಜಿ, ಬಣ್ಣ ತುಂಬಿ, ಮೇಲೆ ಯಂತ್ರದಿಂದ ರಂಧ್ರಗಳ ಅಚ್ಚು ಒತ್ತಿದರೆ ಕರೆಕ್ಟೆಡ್ ಗ್ರೇನ್. ಸೀಳಿದ ಮೇಲೆ ಉಳಿದ ಕೆಳಪದರ ಸ್ಪ್ಲಿಟ್. ಅದಕ್ಕೂ ಲೇಪ ಬಳಿದು ‘ಜೆನ್ಯುಯಿನ್ ಲೆದರ್’ ಎಂದು ಚೀಟಿ ಅಂಟಿಸುತ್ತಾರೆ. ಸುಳ್ಳೇನಲ್ಲ, ಚರ್ಮವೇ. ಅಕ್ಕಿಯ ನುಚ್ಚೂ ಅಕ್ಕಿಯೇ ಅಲ್ಲವೇ, ಹಾಗೆ.

ನಮ್ಮವರ ಒಂದು ವಿಚಿತ್ರ ಇಲ್ಲಿ ಬಯಲಾಗುತ್ತದೆ. ಲಕ್ಷ ಕೊಡುವಾಗ ಒಂದು ಗೆರೆ, ಒಂದು ಚುಕ್ಕೆ ಇರಬಾರದು ಎನ್ನುತ್ತಾರೆ. ದನ ಎಂದಮೇಲೆ ಬೇಲಿಗೆ ಉಜ್ಜಿಕೊಂಡಿರುತ್ತದೆ, ಉಣ್ಣೆ ಕಚ್ಚಿರುತ್ತದೆ, ಕತ್ತಿನ ಬಳಿ ಸುಕ್ಕು, ಹೊಟ್ಟೆಯ ಕಡೆ ಜೋಲು ಇದ್ದೇ ಇರುತ್ತದೆ. ನಮ್ಮ ಎತ್ತಾದರೆ ನೊಗದ ಗುರುತು ಬೇರೆ. ಫುಲ್ ಗ್ರೇನ್ ಚರ್ಮದಲ್ಲಿ ಇದೆಲ್ಲ ಕಾಣಬೇಕು. ಇಡೀ ಸೋಫಾದಲ್ಲಿ ಎಲ್ಲಿ ನೋಡಿದರೂ ಒಂದೇ ಬಗೆಯ ರಂಧ್ರ, ಒಂದೇ ಬಗೆಯ ಗೆರೆ ಕಂಡರೆ ಅದು ಅಚ್ಚು ಒತ್ತಿದ್ದು. ನನ್ನ ಕಣ್ಣಿಗೆ ಬೇಲಿ ಗೀರಿದ ಗುರುತಿರುವ ಸೋಫಾ ಇನ್ನೊಂದಕ್ಕಿಂತ ಚೆಲುವು. ಮನೆಯವರನ್ನು ಒಪ್ಪಿಸುವುದು ಬೇರೆ ಮಾತು.

ಅಂಗಡಿಯಲ್ಲಿ ಕಣ್ಣಿಗಿಂತ ಕೈಯನ್ನು ನಂಬಿ. ಹೆಬ್ಬೆರಳಿಂದ ಒತ್ತಿದರೆ ಸುತ್ತ ಸಣ್ಣ ಸುಕ್ಕುಗಳು ಹರಡಿ, ಬಿಟ್ಟಾಗ ಮಾಯವಾಗಬೇಕು. ಕುಶನ್ನಿನ ಅಡಿಯಲ್ಲಿ ಜಿಪ್ ಇರುತ್ತದೆ. ಸಂಕೋಚವಿಲ್ಲದೆ ಎಳೆದು ಒಳಮೈ ನೋಡಿ. ನವಿರಾದ ನಾರು ಕಂಡರೆ ಚರ್ಮ, ನೇಯ್ದ ಬಟ್ಟೆ ಕಂಡರೆ ಮಾತು ಮುಗಿಯಿತು. ವಾಸನೆಯನ್ನು ನಂಬಬೇಡಿ, ಅದನ್ನು ಬಾಟಲಿಯಲ್ಲಿ ತುಂಬಿ ಮಾರುತ್ತಾರೆ. ಕಡ್ಡಿ ಗೀರಿ ಸುಟ್ಟು ತೋರಿಸುವ ಮಾರಾಟಗಾರನ ನಾಟಕವೂ ಬೇಡ. ಅವನು ಸುಡುವ ತುಂಡಿಗೂ ನಿಮ್ಮ ಮನೆಗೆ ಬರುವ ಸೋಫಾಕ್ಕೂ ಸಂಬಂಧ ಇರಬೇಕೆಂದೇನಿಲ್ಲ. ಇದಕ್ಕಿಂತ ಒಳ್ಳೆಯ ದಾರಿ, ಅದೇ ಚರ್ಮದ ಒಂದು ತುಂಡು ಕೇಳಿ ಪಡೆದು, ಬಸ್ ಸ್ಟ್ಯಾಂಡಿನ ಪಕ್ಕ ಕೊಡೆಯಡಿ ಕೂತು ಚಪ್ಪಲಿ ಹೊಲಿಯುವವರ ಕೈಗೆ ಕೊಡುವುದು. ಅವರು ಮಡಚಿ, ಅಂಚು ನೋಡಿ, ಉಗುರಿನಿಂದ ಕೆರೆದು ಕೊಡುವ ತೀರ್ಪು ಯಾವ ಬ್ರೋಶರಿಗಿಂತಲೂ ಮೇಲು. ಜೊತೆಗೆ ಒಂದು ಜೊತೆ ಚಪ್ಪಲಿಗೆ ಹೊಲಿಗೆ ಹಾಕಿಸಿ, ಬಿಟ್ಟಿ ಸಲಹೆ ಪಡೆಯಬಾರದು.

ಹಾಗೆ ಕೇಳುವುದರಲ್ಲಿ ಇನ್ನೊಂದು ನ್ಯಾಯವೂ ಇದೆ. ಈ ನಾಡಿನಲ್ಲಿ ತೊಗಲನ್ನು ಬಲ್ಲವರು ಅವರೇ. ಸುಣ್ಣದ ಗುಂಡಿಯಲ್ಲಿ ಕೂದಲು ಬಿಡಿಸಿ, ತಂಗಡಿ ತೊಗಟೆ, ಜಾಲಿ ತೊಗಟೆ, ಅಳಲೆಕಾಯಿಯ ಕಷಾಯದಲ್ಲಿ ವಾರಗಟ್ಟಲೆ ನೆನೆಸಿ ಹದ ಮಾಡುತ್ತಿದ್ದ ಕೈಗಳು. ತಮ್ಮ ತೊಡೆಯ ಚರ್ಮದಲ್ಲೇ ಬಸವಣ್ಣನವರಿಗೆ ಚಮ್ಮಾವುಗೆ ಹೊಲಿದರು ಎಂದು ಹರಳಯ್ಯ-ಕಲ್ಯಾಣಮ್ಮನವರ ಕಥೆಯನ್ನು ನಾವು ಭಕ್ತಿಯಿಂದ ಹೇಳುತ್ತೇವೆ. ಅವರ ಕಸುಬಿನವರನ್ನು ಮಾತ್ರ ಊರಾಚೆ ಇಟ್ಟೆವು. ಆದರೂ ಆ ಕಸುಬಿನ ಗುರುತು ಅಳಿದಿಲ್ಲ: ಬೆಂಗಳೂರಿನಲ್ಲಿ ಟ್ಯಾನರಿ ರಸ್ತೆ ಎಂಬ ಹೆಸರೇ ಇದೆ. ರಾಜ್ಯ ಸರ್ಕಾರದ ಚರ್ಮ ಕೈಗಾರಿಕಾ ನಿಗಮ, ನಾವು ಲಿಡ್ಕರ್ ಎನ್ನುವುದು, 1976ರಿಂದ ಇದೆ. ಅಥಣಿ-ನಿಪ್ಪಾಣಿ ಕಡೆಯ ಚಪ್ಪಲಿಗಳಿಗೂ 2019ರಲ್ಲಿ ಕೊಲ್ಹಾಪುರಿ ಹೆಸರಿನಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. ಅವು ಇಂದಿಗೂ ಗಿಡದ ತೊಗಟೆಯಲ್ಲಿ ಹದಗೊಂಡ ಚರ್ಮದವೇ. ಸೋಫಾದ ಚರ್ಮ ಹಾಗಲ್ಲ, ಬಹುಪಾಲು ಕ್ರೋಮ್ ಉಪ್ಪಿನಲ್ಲಿ ಬೇಗ ಹದವಾದದ್ದು. ಮೆತ್ತಗಿರುತ್ತದೆ, ಬಣ್ಣ ಚೆನ್ನಾಗಿ ಹಿಡಿಯುತ್ತದೆ, ಕೂರುವುದಕ್ಕೆ ಅದೇ ಸರಿ.

ಬೆಲೆಯ ವಿಷಯದಲ್ಲಿ ಸಣ್ಣ ಗಣಿತ ಸಾಕು. ಬೆಂಗಳೂರಿನ ಸೈಟಿನಂತೆ ಚರ್ಮವೂ ಚದರಡಿ ಲೆಕ್ಕ. ದೊಡ್ಡ ದನದ ಒಂದು ಪೂರ್ತಿ ತೊಗಲು ಸುಮಾರು 50 ಚದರಡಿ. ಮೂರು ಜನ ಕೂರುವ ಸೋಫಾಕ್ಕೆ ಎಲ್ಲ ಕಡೆ ಚರ್ಮ ಹೊದಿಸಲು 200 ಚದರಡಿಯ ಆಸುಪಾಸು ಬೇಕು, ಅಂದರೆ ನಾಲ್ಕು ದನ. ಹಬ್ಬದ ರಿಯಾಯಿತಿಯಲ್ಲಿ ನಲವತ್ತು ಸಾವಿರಕ್ಕೆ ‘ಪ್ಯೂರ್ ಇಟಾಲಿಯನ್ ಲೆದರ್’ ಎಂದರೆ ಆ ನಾಲ್ಕು ದನ ಎಲ್ಲಿಯವು ಎಂದು ಕೇಳಿ. ಇಟಲಿಯ ಆರ್ಜಿನ್ಯಾನೊ ಪಟ್ಟಣದಲ್ಲಿ ನಿಜಕ್ಕೂ ಸೋಫಾದ ಚರ್ಮ ಹದ ಮಾಡುವ ಕಾರ್ಖಾನೆಗಳ ಸಾಲೇ ಇದೆ. ಅಲ್ಲಿಂದ ಬಂದದ್ದಾದರೆ ಆ ಬೆಲೆಗೆ ಬರುವುದಿಲ್ಲ.

ಚರ್ಮದ ಗುಂಗಿನಲ್ಲಿ ಒಳಗಿನ ಮರ ಮರೆಯಬೇಡಿ. ಸೋಫಾದ ಮುಂದಿನ ಒಂದು ಕಾಲನ್ನು ಗೇಣುದ್ದ ಎತ್ತಿ. ಇನ್ನೊಂದು ಕಾಲೂ ಬೇಗ ಮೇಲೆದ್ದರೆ ಚೌಕಟ್ಟು ಬಿಗಿ, ನೆಲಕ್ಕೇ ಅಂಟಿಕೊಂಡಿದ್ದರೆ ಒಳಗೆ ಸಡಿಲು. ಫೋಮಿನ ಸಾಂದ್ರತೆ ಘನಮೀಟರಿಗೆ 40 ಕಿಲೋ ಇದ್ದರೆ ಒಳ್ಳೆಯದು, 32ಕ್ಕೆ ಇಳಿದರೂ ಸೈರಿಸಬಹುದು, ಅದಕ್ಕಿಂತ ಕೆಳಗೆ ಬೇಡ. ಒಳ್ಳೆಯ ಚರ್ಮ ಫೋಮಿಗಿಂತ ಹೆಚ್ಚು ಬಾಳುತ್ತದೆ. ಮೇಲೆ ಚರ್ಮ ಹೊಳೆಯುತ್ತಾ ಕೆಳಗೆ ಗುಂಡಿ ಬಿದ್ದ ಸೋಫಾದಿಂದ ವಯಸ್ಸಾದ ಮಾವನವರನ್ನು ಎಬ್ಬಿಸಲು ಇಬ್ಬರು ಬೇಕಾಗುತ್ತದೆ.

ಇನ್ನು ನಮ್ಮ ಹವೆ. ಮಂಗಳೂರಿನ ಸೆಕೆಯಲ್ಲಿ, ತೇವದಲ್ಲಿ ನಕಲಿ ಚರ್ಮದ ಪಾಲಿಯುರೆಥೇನ್ ಕೆಲವೇ ವರ್ಷಗಳಲ್ಲಿ ಹಪ್ಪಳದಂತೆ ಏಳುವುದನ್ನು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಬಟ್ಟೆಯ ಹಿಂಬದಿಗೆ ಕಪ್ಪು ಚೂರು ಅಂಟಿಸಿಕೊಂಡು ಮದುವೆಮನೆಗೆ ಹೋದವರಿದ್ದಾರೆ. ಮಲೆನಾಡಿನಲ್ಲಿ ಅಸಲಿ ಚರ್ಮಕ್ಕೂ ಸುಖವಿಲ್ಲ. ಆಷಾಢ ಬಂತೆಂದರೆ ಬೂಷ್ಟು. ಗೋಡೆಗೆ ತಾಗಿಸದೆ, ಗಾಳಿಯಾಡುವಂತೆ ಇಟ್ಟು, ಒಣಬಟ್ಟೆಯಲ್ಲಿ ಒರೆಸುತ್ತಲೇ ಇರಬೇಕು. ಕಲಬುರಗಿ ಕಡೆಯಾದರೆ ಕಿಟಕಿಯ ಬಿಸಿಲೇ ಶತ್ರು. ಬಣ್ಣ ಮಾಸಿ ಬಿರುಕು ಬಿಡುತ್ತದೆ. ಒಣಗಿತೆಂದು ಕೊಬ್ಬರಿ ಎಣ್ಣೆ ಹಚ್ಚುವ ಅಜ್ಜಿಯರನ್ನು ವಿನಯದಿಂದ ತಡೆಯಿರಿ, ಚರ್ಮ ಕಪ್ಪಾಗಿ ಕಮಟುತ್ತದೆ.

ತಲೆಗೆ ಹಚ್ಚಿದ ಎಣ್ಣೆಯೂ ಅದೇ ಕೆಲಸ ಮಾಡುತ್ತದೆ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷರೂ ಗಂಡಸರ ತಲೆಯೆಣ್ಣೆಗೆ ಹೆದರಿ ಕುರ್ಚಿಯ ಬೆನ್ನಿಗೆ ಕಸೂತಿ ಬಟ್ಟೆ ಹೊದಿಸುತ್ತಿದ್ದರು. ನಾವು ಅವರನ್ನೂ ಮೀರಿಸಿದ್ದೇವೆ. ಲಕ್ಷ ಕೊಟ್ಟು ಚರ್ಮದ ಸೋಫಾ ತಂದು, ಅದರ ಮೇಲೆ ಗುಲಾಬಿ ಹೂವಿನ ಬೆಡ್‌ಶೀಟ್ ಹೊದಿಸಿ, ಅದು ಜಾರದಂತೆ ಸಂದಿಗೆ ತುರುಕಿ, ನೆಂಟರು ಬರುವ ಫೋನ್ ಬಂದಾಗ ಮಾತ್ರ ಎಳೆದು ತೆಗೆಯುತ್ತೇವೆ. ಆ ಮನೆಯ ಮಕ್ಕಳು ಚರ್ಮದ ಮೇಲೆ ಕೂರುವುದು ನೆಂಟರ ಪುಣ್ಯದಿಂದ.

ಹೊದಿಸುವುದಾದರೆ ಕೊಳ್ಳಬೇಡಿ. ಕರಾವಳಿ, ಮಲೆನಾಡಿನವರಾದರೆ ಬೆತ್ತದ ಕುರ್ಚಿಗೆ ಹತ್ತಿಯ ದಿಂಬು ಹಾಕಿಕೊಳ್ಳಿ, ಅದಕ್ಕಿಂತ ಸುಖ ಇಲ್ಲ. ಬಯಲುಸೀಮೆಯವರಾಗಿ ಚರ್ಮವೇ ಬೇಕೆಂದರೆ, ಆರೇಳು ಜನರ ಹಾಫ್ ಲೆದರ್ ಸೆಟ್ಟಿನ ದುಡ್ಡಿನಲ್ಲಿ ಒಬ್ಬರು ಕೂರುವ ಫುಲ್ ಗ್ರೇನ್ ಕುರ್ಚಿ ಒಂದನ್ನು ತನ್ನಿ. ಯಾರು ಕೂರಬೇಕೆಂಬ ಜಗಳ ಮನೆಯೊಳಗೇ ಬಗೆಹರಿಯಲಿ. ಸೆಟ್ಟೇ ಬೇಕೆಂದು ಹಟ ಹಿಡಿದರೆ, ಮುಂಗಡ ಕೊಡುವ ಮುನ್ನ ಯಾವ ಭಾಗ ಚರ್ಮ, ಯಾವುದು ಅಲ್ಲ, ಚರ್ಮವಾದರೆ ಯಾವ ಪದರ ಎಂದು ಬಿಲ್ಲಿನ ಮೇಲೆ ಬರೆಸಿ ಸೀಲು ಹಾಕಿಸಿಕೊಳ್ಳಿ. ಬರೆದುಕೊಡಲು ಹಿಂದೇಟು ಹಾಕುವ ಅಂಗಡಿಯಿಂದ ಎದ್ದು ಬನ್ನಿ.