ಹಿಮವನ್ನು ತೂಗುವ ಬಯಲು

ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ, ಸಿಯೆರಾ ನೆವಾಡ ಪರ್ವತಶ್ರೇಣಿಯ ಮಡಿಲಲ್ಲಿ, ಸುಮಾರು 6,800 ಅಡಿ ಎತ್ತರದಲ್ಲಿ ಫಿಲಿಪ್ಸ್ ಎಂಬ ಹುಲ್ಲುಗಾವಲಿದೆ. ಮಾಗಿಯಲ್ಲಿ ಅದು ಹಿಮದಡಿ ಹುದುಗಿರುವುದು. ಈ ಬೆಟ್ಟಗಳ ಹಿಮವೇ ಕರಗಿ, ಹೊಳೆಯಾಗಿ ಹರಿದು, ಬೇಸಗೆಯಲ್ಲಿ ಮಳೆ ಕಾಣದ ಬಯಲುನಾಡಿನ ಹೊಲತೋಟಗಳನ್ನು ತಣಿಸಬೇಕು.

ಆದರೆ ಹಿಮದ ಆಳವನ್ನಷ್ಟೇ ಅಳೆದರೆ ಸಾಲದು. ಹೊಸ ಹಿಮ ಅರಳೆಯಂತೆ ಹಗುರ. ಹಳೆಯದು ಒತ್ತಿಕೊಂಡು ಭಾರ. ಅದನ್ನು ತೂಗಬೇಕೆಂದು ತೋರಿಸಿಕೊಟ್ಟವರಲ್ಲಿ ಮೊದಲಿಗರು ನೆರೆಯ ನೆವಾಡ ಸಂಸ್ಥಾನದ ರೀನೋ ನಗರದಲ್ಲಿ ಲ್ಯಾಟಿನ್ ಕಲಿಸುತ್ತಿದ್ದ ಪ್ರಾಧ್ಯಾಪಕ ಜೇಮ್ಸ್ ಚರ್ಚ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರು ರೂಪಿಸಿದ ಉಪಕರಣ ಬಲು ಸರಳ: ತುದಿಯಲ್ಲಿ ಹಲ್ಲುಗಳುಳ್ಳ ಒಂದು ಲೋಹದ ಕೊಳವೆ. ಅದನ್ನು ನೆಲ ಮುಟ್ಟುವವರೆಗೆ ಇಳಿಸಿ, ಹಿಮಸಹಿತ ಎತ್ತಿ ತೂಗಿದರೆ, ಕರಗಿದಾಗ ಎಷ್ಟು ಅಂಗುಲ ನೀರಾದೀತೆಂಬುದು ತಿಳಿಯುವುದು.

ಫಿಲಿಪ್ಸಿನಲ್ಲಿ ಈ ಅಳತೆ 1941ರಿಂದ ನಡೆದುಬಂದಿದೆ. ಎಪ್ರಿಲ್ ಆರಂಭದಲ್ಲಿ ಅಲ್ಲಿ ಐದಡಿಗೂ ಮಿಗಿಲಾದ ಹಿಮವಿರುವುದು ವಾಡಿಕೆ. 2015ರ ಎಪ್ರಿಲ್ 1ರಂದು ಕೊಳವೆ ಹೊತ್ತು ಹೋದವರಿಗೆ ಕಂಡದ್ದು ಬರಿಯ ಒಣಹುಲ್ಲು. ಅಷ್ಟು ವರ್ಷಗಳಲ್ಲಿ ಅದೇ ಮೊದಲು. ಆ ಹುಲ್ಲಿನ ಮೇಲೆಯೇ ನಿಂತು ಗವರ್ನರ್ ಜೆರಿ ಬ್ರೌನ್ ಅವರು, ನಗರಗಳು ನೀರಿನ ಬಳಕೆಯನ್ನು ನೂರಕ್ಕೆ 25ರಷ್ಟು ಇಳಿಸಬೇಕೆಂಬ ಆಜ್ಞೆಯನ್ನು ಸಾರಿದರು. ಬೇಸಗೆ ಇನ್ನೂ ದೂರವಿತ್ತು. ಅದರ ಬವಣೆ ಮಾತ್ರ ಬೆಟ್ಟದ ಮೇಲೆ ಅಂದೇ ಕಾಣಿಸಿತ್ತು.