ಕರಿ ಗಿಡುಗದ ಊರಿನಲ್ಲಿ

ಸ್ಯಾನ್ ಫ್ರಾನ್ಸಿಸ್ಕೋದ ಸ್ಟಾಕ್ಟನ್ ಸುರಂಗದ ಬಾಯಿಗೆ ಹೊಂದಿಕೊಂಡಂತೆ ಮೆಟ್ಟಿಲುಗಳಿವೆ. ಹತ್ತಿ ಮೇಲೆ ಬಂದರೆ ಬುಷ್ ಸ್ಟ್ರೀಟ್. ಅಲ್ಲಿಂದ ಕೆಲವೇ ಹೆಜ್ಜೆ ನಡೆದರೆ ಬರಿಟ್ ಸ್ಟ್ರೀಟ್ ಎಂಬ ಪುಟ್ಟ ಸಂದಿ. ಆಚೆ ಈಚೆ ಎತ್ತರದ ಗೋಡೆ, ಕೊನೆಯಲ್ಲಿ ದಾರಿಯಿಲ್ಲ. ದೂರದಿಂದ ಹುಡುಕಿಕೊಂಡು ಬಂದು ನೋಡುವಂಥದ್ದು ಏನೂ ಇಲ್ಲ, ಸಂದಿಯ ಮೂಲೆಯ ಗೋಡೆಗೆ ಬಡಿದ ಒಂದು ಕಂಚಿನ ಫಲಕವನ್ನು ಬಿಟ್ಟರೆ. ಸ್ಯಾಮ್ ಸ್ಪೇಡನ ಪಾಲುದಾರ ಮೈಲ್ಸ್ ಆರ್ಚರನನ್ನು ಬ್ರಿಜಿಡ್ ಓಶಾನೆಸಿ ಮುಗಿಸಿದ್ದು ಹೆಚ್ಚುಕಡಿಮೆ ಇದೇ ಜಾಗದಲ್ಲಿ ಎಂದು ಆ ಫಲಕ ಹೇಳುತ್ತದೆ. ಇಷ್ಟೇ. ಇದು ಕಥೆ ಎಂಬ ಮಾತಿಲ್ಲ. ಬರೆದವನ ಹೆಸರಿಲ್ಲ, ಸಿನಿಮಾದ ಹೆಸರೂ ಇಲ್ಲ. 1974ರಲ್ಲಿ ಹಾಕಿದ್ದು.

ಫಲಕದ ಮೇಲೆ ಕೈಯಿಟ್ಟೆ. ತಣ್ಣಗಿತ್ತು. ಮೈ ಜುಮ್ಮೆಂದಿತು. ಹುಟ್ಟೇ ಇರದವನೊಬ್ಬ ಸತ್ತ ಜಾಗವನ್ನು ಒಂದು ಮಹಾನಗರ ಇಷ್ಟು ಗಂಭೀರವಾಗಿ ಗುರುತು ಹಾಕಿ ಇಟ್ಟುಕೊಂಡಿದೆಯಲ್ಲ! ರಾಜರ ಯುದ್ಧದ ಕಲ್ಲು, ವೀರಗಲ್ಲು, ಮಾಸ್ತಿಕಲ್ಲು ನೋಡಿ ಬೆಳೆದವನು ನಾನು. ಕಥೆಯ ಸಾವಿಗೊಂದು ಕಲ್ಲು ನೆಟ್ಟಿದ್ದನ್ನು ಮಾತ್ರ ಎಲ್ಲೂ ನೋಡಿರಲಿಲ್ಲ. ಒಂದು ಎಚ್ಚರಿಕೆ: ‘ದ ಮಾಲ್ಟೀಸ್ ಫಾಲ್ಕನ್’ ಇನ್ನೂ ನೋಡದವರು ದಯವಿಟ್ಟು ಆ ಸಂದಿಗೆ ಹೋಗಬೇಡಿ. ನೂರು ನಿಮಿಷದ ಸಿನಿಮಾ ಕೊನೆಯವರೆಗೆ ಬಚ್ಚಿಟ್ಟ ಗುಟ್ಟನ್ನು ಆ ಫಲಕ ಒಂದೇ ಸಾಲಿನಲ್ಲಿ ಹೇಳಿಬಿಡುತ್ತದೆ. ಈ ಬರಹವೂ ಹೇಳಿಯಾಯಿತು.

ನಾನು ಆ ಸಿನಿಮಾ ಮೊದಲು ನೋಡಿದ್ದು ಕಾಲೇಜಿನ ದಿನಗಳಲ್ಲಿ, ಬೆಂಗಳೂರಿನ ಫಿಲ್ಮ್ ಸೊಸೈಟಿಯೊಂದರಲ್ಲಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದವನಿಗೆ ಪತ್ತೇದಾರನೆಂದರೆ ಒಳ್ಳೆಯವರ ಪಕ್ಷದವನು. ಅಲ್ಲಿ ಪರದೆಯ ಮೇಲೆ ಹಂಫ್ರಿ ಬೋಗಾರ್ಟನ ಸ್ಯಾಮ್ ಸ್ಪೇಡ್ ಸಿಗರೇಟು ಸುತ್ತುತ್ತ ಕೂತಿದ್ದ. ಅವನು ಯಾರ ಪಕ್ಷ ಎಂಬುದೇ ತಿಳಿಯಲಿಲ್ಲ. ಅಂದಿನಿಂದ ಆ ಊರಿನ ಏರು ರಸ್ತೆಗಳಲ್ಲಿ ನಡೆಯಬೇಕೆಂಬ ಆಸೆ ಒಳಗೇ ಉಳಿದಿತ್ತು. ಅಕ್ಕನ ಮಗ ಫ್ರೀಮಾಂಟ್‌ನಲ್ಲಿ ಮನೆ ಮಾಡಿದ ಮೇಲೆ ಆ ಆಸೆ ಕೈಗೂಡಿತು.

ಫ್ರೀಮಾಂಟ್‌ನಲ್ಲಿ ಬಾರ್ಟ್ ರೈಲು ಹತ್ತಿದಾಗ ಬಿಸಿಲು. ರೈಲು ಕೊಲ್ಲಿಯ ನೀರಿನ ಅಡಿಯ ಕೊಳವೆಯಲ್ಲಿ ಗುಡುಗುತ್ತ ಸಾಗಿ ಪವೆಲ್ ಸ್ಟ್ರೀಟಿಗೆ ಬಂತು. ಮೇಲೆ ಬಂದರೆ ಜುಲೈ ತಿಂಗಳಲ್ಲೂ ಕೊರೆಯುವ ಗಾಳಿ. "ಸ್ವೆಟರ್ ಹಾಕ್ಕೊಳ್ಳಿ ಅಂತ ಬೆಳಿಗ್ಗೇನೇ ಹೇಳಿದ್ನಲ್ಲ ಮಾಮ" ಎಂದ ಅಳಿಯ. ಒಳನಾಡಿನ ಕಣಿವೆ ಕಾದಷ್ಟೂ ಅಲ್ಲಿಯ ಗಾಳಿ ಮೇಲೇರಿ, ತಣ್ಣನೆಯ ಸಾಗರದ ಗಾಳಿಯನ್ನು ಗೋಲ್ಡನ್ ಗೇಟ್ ಮೂಲಕ ಒಳಗೆ ಸೆಳೆಯುತ್ತದಂತೆ. ಹಾಗಾಗಿ ಬೇಸಿಗೆಯೇ ಅಲ್ಲಿ ಮಂಜಿನ ಕಾಲ.

ನಿಲ್ದಾಣದಿಂದ ಹೊರಗೆ ಬರುತ್ತಲೇ ಎದುರಿಗೆ ನಿಲ್ಲುವುದು ಫ್ಲಡ್ ಬಿಲ್ಡಿಂಗ್. 1904ರ ಕಟ್ಟಡ, ಎರಡು ವರ್ಷದ ನಂತರ ಭೂಕಂಪ ಮತ್ತು ಬೆಂಕಿ ಊರನ್ನೇ ನುಂಗಿದಾಗಲೂ ಉಳಿದುಕೊಂಡದ್ದು. ಇದರೊಳಗೆ ಪಿಂಕರ್ಟನ್ ಎಂಬ ಖಾಸಗಿ ಪತ್ತೇದಾರಿ ಸಂಸ್ಥೆಯ ಕಚೇರಿಯಿತ್ತು. ಅದಕ್ಕೆ ದುಡಿಯುತ್ತಿದ್ದವರಲ್ಲಿ ಡ್ಯಾಶಿಯಲ್ ಹ್ಯಾಮೆಟ್ ಒಬ್ಬ. 1894ರಲ್ಲಿ ಮೇರಿಲ್ಯಾಂಡಿನಲ್ಲಿ ಹುಟ್ಟಿದವನು, ಮೊದಲ ಮಹಾಯುದ್ಧದ ಕಾಲಕ್ಕೆ ಸೈನ್ಯ ಸೇರಿ ಕ್ಷಯ ಅಂಟಿಸಿಕೊಂಡವನು. ಜನರ ಬೆನ್ನು ಹತ್ತಿ ಬೀದಿ ಬೀದಿ ಅಲೆಯುವ ಕೆಲಸ ಆ ಎದೆಗೆ ಆಗಲಿಲ್ಲ. ಬಿಟ್ಟ. ಸ್ಯಾಮುಯಲ್ಸ್ ಎಂಬ ಒಡವೆ ಅಂಗಡಿಗೆ ಜಾಹೀರಾತು ಬರೆದ. ಆ ಅಂಗಡಿಯ ದೊಡ್ಡ ಗಡಿಯಾರ ಇವತ್ತಿಗೂ ಅಲ್ಲೇ ಮಾರ್ಕೆಟ್ ಸ್ಟ್ರೀಟಿನ ಫುಟ್‌ಪಾತಿನಲ್ಲಿ ನಿಂತಿದೆ. ರಾತ್ರಿ ಕೂತು ಅಗ್ಗದ ಪತ್ರಿಕೆಗಳಿಗೆ ಪತ್ತೇದಾರಿ ಕಥೆ ಬರೆದ. ಅಂಥದೊಂದು ಪತ್ರಿಕೆ ‘ಬ್ಲ್ಯಾಕ್ ಮಾಸ್ಕ್’ನಲ್ಲಿ ಧಾರಾವಾಹಿಯಾಗಿ ಬಂದು 1930ರಲ್ಲಿ ಪುಸ್ತಕವಾದದ್ದೇ ‘ದ ಮಾಲ್ಟೀಸ್ ಫಾಲ್ಕನ್’ ಎಂಬ ಈ ಗಿಡುಗದ ಕಥೆ. ಹೊಟ್ಟೆಪಾಡಿಗೆ ಬರೆದ ಕಥೆಯಲ್ಲಿ ಒಂದು ಪದ ಹೆಚ್ಚಿಲ್ಲ. ಬೀದಿಯನ್ನು ಕಾಲಿನಿಂದ ಬಲ್ಲವನ ಬರವಣಿಗೆ ಅದು.

ಅಲ್ಲಿಂದ ಯೂನಿಯನ್ ಸ್ಕ್ವೇರ್ ದಾಟಿ, ಸುರಂಗದ ಪಕ್ಕದ ಮೆಟ್ಟಿಲು ಹತ್ತಿ ಬರಿಟ್ ಸ್ಟ್ರೀಟಿಗೆ ಬಂದೆವು. ಬುಷ್ ಸ್ಟ್ರೀಟಿನ ಆಚೆ ಬದಿಯಲ್ಲಿ ಇನ್ನೊಂದು ಪುಟ್ಟ ರಸ್ತೆಯಿದೆ. ಹಿಂದೆ ಅದು ಮನ್ರೋ ಸ್ಟ್ರೀಟ್, ಈಗ ಡ್ಯಾಶಿಯಲ್ ಹ್ಯಾಮೆಟ್ ಸ್ಟ್ರೀಟ್. ಅವನು ಅಲ್ಲೂ ಕೆಲಕಾಲ ಬಾಡಿಗೆಗಿದ್ದ. ಕೊಂದ ಜಾಗ ಈಚೆ, ಕೊಲ್ಲಿಸಿದವನ ಹೆಸರು ಆಚೆ.

ನನ್ನನ್ನು ಇನ್ನೂ ಬೆರಗುಗೊಳಿಸುವುದು ಬೇರೆಯೇ ಇದೆ. ಆ ಸಿನಿಮಾ ಈ ಊರಿನಲ್ಲಿ ಆದದ್ದೇ ಅಲ್ಲ. ಊರಿನ ಒಂದಿಷ್ಟು ದೂರದ ನೋಟಗಳು, ಸೇತುವೆಯ ಚಿತ್ರಗಳು ಬಿಟ್ಟರೆ ಉಳಿದದ್ದೆಲ್ಲ ನೂರಾರು ಮೈಲಿ ದಕ್ಷಿಣದ ಬರ್ಬ್ಯಾಂಕಿನಲ್ಲಿ, ವಾರ್ನರ್ ಬ್ರದರ್ಸ್ ಸ್ಟುಡಿಯೋದ ಸೆಟ್ಟುಗಳಲ್ಲಿ 1941ರ ಬೇಸಿಗೆಯಲ್ಲಿ ತೆಗೆದದ್ದು. ಅದೇ ಕಾದಂಬರಿ ಅದಾಗಲೇ 1931ರಲ್ಲೊಮ್ಮೆ, 1936ರಲ್ಲಿ ಹೆಸರು ಬದಲಿಸಿಕೊಂಡು ಇನ್ನೊಮ್ಮೆ ಸಿನಿಮಾ ಆಗಿತ್ತು. ಮೂರನೆಯದನ್ನು ಕೈಗೆತ್ತಿಕೊಂಡ ಜಾನ್ ಹ್ಯೂಸ್ಟನ್‌ಗೆ ನಿರ್ದೇಶಕನಾಗಿ ಅದು ಮೊದಲ ಚಿತ್ರ. ಸ್ಪೇಡನ ಪಾತ್ರ ಮೊದಲು ಜಾರ್ಜ್ ರಾಫ್ಟ್‌ಗೆ ಹೋಗಿತ್ತು. ಹೊಸ ನಿರ್ದೇಶಕ, ಹಳೇ ಕಥೆ, ನನಗೆ ಬೇಡ ಎಂದ ಅವನು. ಹಾಗೆ ಬಂದದ್ದು ಬೋಗಾರ್ಟ್ ಪಾಲಿಗೆ. ದಪ್ಪನೆಯ ಗಟ್‌ಮನ್ ಆಗಿ ಬಂದ ಸಿಡ್ನಿ ಗ್ರೀನ್‌ಸ್ಟ್ರೀಟ್ ಜೀವನವಿಡೀ ರಂಗಭೂಮಿಯಲ್ಲಿದ್ದು, ಅರುವತ್ತು ದಾಟಿದ ಮೇಲೆ ಮೊದಲ ಬಾರಿ ಕ್ಯಾಮೆರಾ ಮುಂದೆ ನಿಂತವನು. ಮೊದಲ ಚಿತ್ರಕ್ಕೇ ಆಸ್ಕರ್‌ಗೆ ನಾಮನಿರ್ದೇಶನಗೊಂಡ.

ಇವರೆಲ್ಲ ಸೇರಿ ಸೆಟ್ಟಿನ ನಾಲ್ಕು ಗೋಡೆಯ ನಡುವೆ ಈ ಊರನ್ನು ಹೇಗೆ ತಂದರು? ಒಂದು ದೃಶ್ಯ ಸಾಕು. ನಡುರಾತ್ರಿ, ಕತ್ತಲ ಕೋಣೆ. ಹಾಸಿಗೆಯ ಪಕ್ಕದ ಮೇಜಿನ ಮೇಲೆ ಟೆಲಿಫೋನು, ಪಕ್ಕದಲ್ಲಿ ಗಡಿಯಾರ. ಹಿಂದೆ ತೆರೆದ ಕಿಟಕಿ, ಗಾಳಿಗೆ ಅಲ್ಲಾಡುವ ಪರದೆ. ಫೋನು ಬಡಿದುಕೊಳ್ಳುತ್ತದೆ. ಒಂದು ಕೈ ಬಂದು ಅದನ್ನು ಎತ್ತಿಕೊಳ್ಳುತ್ತದೆ. ಕ್ಯಾಮೆರಾ ಆ ಕೈಯ ಹಿಂದೆ ಹೋಗುವುದೇ ಇಲ್ಲ. ನಾವು ಕಿಟಕಿ, ಪರದೆ ನೋಡುತ್ತಿರುತ್ತೇವೆ; ಪಾಲುದಾರ ಸತ್ತ ಸುದ್ದಿಯನ್ನು ಸ್ಪೇಡ್ ಕತ್ತಲಲ್ಲಿ ಕೇಳಿಸಿಕೊಳ್ಳುತ್ತಿರುತ್ತಾನೆ. ಅವನ ಮುಖ ಆಗ ಹೇಗಿತ್ತು? ತೋರಿಸುವುದಿಲ್ಲ. ಆರ್ಥರ್ ಈಡಿಸನ್‌ನ ಛಾಯಾಗ್ರಹಣದಲ್ಲಿ ಇಡೀ ಸಿನಿಮಾ ಹೀಗೇ. ಕಚೇರಿಯ ಗಾಜಿನ ಮೇಲೆ ಬರೆದ ಸ್ಪೇಡ್, ಆರ್ಚರ್ ಎಂಬ ಎರಡು ಹೆಸರುಗಳ ನೆರಳು ನೆಲದ ಮೇಲೆ ಬಿದ್ದಿರುತ್ತದೆ. ಆರ್ಚರ್ ಸತ್ತ ಮರುದಿನವೇ ಅವನ ಹೆಸರು ಅಳಿಸಲು ಸ್ಪೇಡ್ ಹೇಳುತ್ತಾನೆ. ಎಂಥ ಕಲ್ಲೆದೆಯವನು ಎನಿಸುತ್ತದೆ. ಆದರೆ ಅದೇ ಮನುಷ್ಯ ಗಟ್‌ಮನ್ನನ ಕೋಣೆಯಲ್ಲಿ ಗ್ಲಾಸು ಒಡೆದು, ಕೂಗಾಡಿ ಹೊರಬಂದವನು ವರಾಂಡದಲ್ಲಿ ತನ್ನ ಕೈ ನಡುಗುತ್ತಿರುವುದನ್ನು ಕಂಡು ತಾನೇ ನಗುತ್ತಾನೆ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಷ್ಟು ಚಿಕ್ಕ ಗಳಿಗೆ. ಆ ನಡುಕದ ಸಲುವಾಗಿಯೇ ನಾನು ಈ ಸಿನಿಮಾವನ್ನು ಮತ್ತೆ ಮತ್ತೆ ನೋಡುವುದು.

ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಇದೂ ಸೇರಿ ಅಷ್ಟು ವರ್ಷ ತಡೆದಿದ್ದ ಅಮೆರಿಕದ ಸಿನಿಮಾಗಳು ಒಟ್ಟೊಟ್ಟಿಗೆ ಪ್ಯಾರಿಸ್ ತಲುಪಿದಾಗ ನೀನೋ ಫ್ರಾಂಕ್ ಎಂಬ ವಿಮರ್ಶಕ ಇವುಗಳಲ್ಲೊಂದು ಹೊಸ ಬಣ್ಣ ಕಂಡ. ಫಿಲ್ಮ್ ನ್ವಾರ್, ಅಂದರೆ ಕರಿ ಸಿನಿಮಾ, ಎಂದು ಕರೆದ. ತೆಗೆದವರಿಗೆ ತಾವು ಅಂಥದ್ದೊಂದು ಮಾಡಿದ್ದೇವೆಂದು ಗೊತ್ತೇ ಇರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಎಲಿಸ್ ಸ್ಟ್ರೀಟಿನ ಜಾನ್ಸ್ ಗ್ರಿಲ್. 1908ರಿಂದ ನಡೆಯುತ್ತಿರುವ ಹೋಟೆಲು. ಹ್ಯಾಮೆಟ್ ಅಲ್ಲಿ ಊಟ ಮಾಡುತ್ತಿದ್ದ, ಕಾದಂಬರಿಯಲ್ಲಿ ಸ್ಪೇಡನಿಗೂ ಅಲ್ಲೇ ಊಟ ಹಾಕಿಸಿದ: ಚಾಪ್ಸ್, ಸುಟ್ಟ ಆಲೂಗಡ್ಡೆ, ಹೆಚ್ಚಿದ ಟೊಮೆಟೊ. ಆ ಊಟ ಸ್ಪೇಡನ ಹೆಸರಲ್ಲೇ ಇಂದಿಗೂ ಮೆನುವಿನಲ್ಲಿದೆ. ಅಳಿಯ ಚಾಪ್ಸ್ ತಿಂದ, ನಾನು ಆಲೂಗಡ್ಡೆ ಟೊಮೆಟೊ. ಗೋಡೆಯ ತುಂಬ ಹಳೆಯ ಫೋಟೋಗಳು, ಕಪ್ಪು ಮರದ ಹಲಗೆ. ಮೇಲಂತಸ್ತಿನಲ್ಲಿ ಕರಿ ಗಿಡುಗ. ಅಲ್ಲಿ ಮೊದಲಿದ್ದ ಗಿಡುಗವನ್ನು 2007ರಲ್ಲಿ ಯಾರೋ ಕದ್ದೊಯ್ದರು. ಈಗಿರುವುದು ಬದಲಿಗೆ ಬಂದದ್ದು.

ಕದಿಯುವಷ್ಟು ಏನಿದೆ ಅದರಲ್ಲಿ? ಚಿನ್ನವಿಲ್ಲ, ರತ್ನವಿಲ್ಲ. ಕಥೆಯ ಗಿಡುಗಕ್ಕೂ ಇದೇ ಗತಿ. 1530ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಮಾಲ್ಟಾ ದ್ವೀಪವನ್ನು ಸಂತ ಜಾನ್‌ನ ಯೋಧ ಪಂಥಕ್ಕೆ ಬಿಟ್ಟುಕೊಟ್ಟು, ಕಪ್ಪವಾಗಿ ವರ್ಷಕ್ಕೊಂದು ಗಿಡುಗ ಕೊಡಿ ಎಂದದ್ದು ಚರಿತ್ರೆ. ಅದು ಜೀವಂತ ಹಕ್ಕಿ. ಹ್ಯಾಮೆಟ್ ಅದನ್ನು ರತ್ನ ಹೊದ್ದ ಚಿನ್ನದ ಗಿಡುಗ ಮಾಡಿದ, ಮೇಲೆ ಕಪ್ಪು ಬಣ್ಣ ಬಳಿಸಿದ, ಒಂದಿಷ್ಟು ಜನರನ್ನು ಅದರ ಹಿಂದೆ ಬಿಟ್ಟ. ಗಟ್‌ಮನ್ ಹದಿನೇಳು ವರ್ಷ ಅದರ ಹಿಂದೆ ಅಲೆದವನು. ಕೊನೆಗೆ ಕೈಗೆ ಸಿಕ್ಕಾಗ ಚಾಕುವಿನಿಂದ ಆ ಕಪ್ಪನ್ನು ಕೆರೆಯುತ್ತಾನೆ. ಮೊದಲು ಮೆಲ್ಲಗೆ, ಆಮೇಲೆ ಹುಚ್ಚು ಹಿಡಿದವನಂತೆ. ಒಳಗೆ ಬರೀ ಸೀಸ. ಪೀಟರ್ ಲೋರ್‌ನ ಕೈರೋ, ಗಿಡುಗಕ್ಕಾಗಿ ಅವನೊಡನೆ ಕೈಜೋಡಿಸಿದವನು, ಅವನನ್ನು ಬಾಯಿಗೆ ಬಂದಂತೆ ಬೈದು ಕುರ್ಚಿಗೆ ಬಿದ್ದು ಅಳುತ್ತಾನೆ. ಆಗ ಗಟ್‌ಮನ್ ಏನು ಮಾಡುತ್ತಾನೆ ಗೊತ್ತೆ? ಒಂದು ಗಳಿಗೆ ಕಂಗಾಲಾಗಿ ನಿಲ್ಲುತ್ತಾನೆ. ಮರುಗಳಿಗೆ ಮುಖ ಅರಳಿ, ನಿಜವಾದದ್ದು ಇಸ್ತಾಂಬುಲ್‌ನಲ್ಲೇ ಇರಬೇಕು, ಹದಿನೇಳು ವರ್ಷ ಹುಡುಕಿದವನಿಗೆ ಇನ್ನೊಂದು ವರ್ಷ ಯಾವ ಲೆಕ್ಕ ಎಂದು ಹೊರಟೇ ಬಿಡುತ್ತಾನೆ! ಲೋಭಿಯೊಬ್ಬನ ಮೇಲೆ ಇಷ್ಟು ಪ್ರೀತಿ ಹುಟ್ಟುವಂತೆ ಮಾಡಿದ ದೃಶ್ಯ ನಾನು ಬೇರೆ ನೋಡಿಲ್ಲ. ಸಿನಿಮಾಕ್ಕೆ ಮಾಡಿಸಿದ ಸೀಸದ ಗಿಡುಗವೊಂದು, ಬಾಲದ ಗರಿ ಬಾಗಿದ್ದು, 2013ರಲ್ಲಿ ಹರಾಜಿಗೆ ಬಂದಾಗ 40 ಲಕ್ಷ ಡಾಲರ್‌ಗೂ ಮಿಕ್ಕಿ ಬೆಲೆಗೆ ಹೋಯಿತು. ಗಟ್‌ಮನ್ ಇದ್ದಿದ್ದರೆ ಏನೆನ್ನುತ್ತಿದ್ದನೋ.

ಸಂಜೆಯ ಹೊತ್ತಿಗೆ ಪೋಸ್ಟ್ ಸ್ಟ್ರೀಟಿನ ಏರು ಹತ್ತಿ ಹೈಡ್ ಸ್ಟ್ರೀಟಿನ ಮೂಲೆಗೆ ಬಂದೆವು. 891ನೇ ನಂಬರಿನ ಕಟ್ಟಡ. ಹೆಂಡತಿ ಮಕ್ಕಳಿಗೆ ಕ್ಷಯ ಅಂಟೀತೆಂದು ಅವರಿಂದ ದೂರವಿದ್ದ ಹ್ಯಾಮೆಟ್, ಇಲ್ಲಿಯ ಮೇಲಂತಸ್ತಿನ ಮೂಲೆ ಕೋಣೆಯಲ್ಲಿ ಟೈಪ್‌ರೈಟರ್ ಮುಂದೆ ಕೂತು ಗಿಡುಗದ ಕಥೆ ಬರೆದ. ಸ್ಪೇಡನ ಮನೆಯನ್ನೂ ಅದೇ ಕೋಣೆಯ ಅಳತೆಯಲ್ಲಿ ಕಟ್ಟಿದನೆಂದು ಕಾದಂಬರಿಯನ್ನು ಅರೆದು ಕುಡಿದವರು ಹೇಳುತ್ತಾರೆ. ಒಳಗೆ ಬಾಡಿಗೆದಾರರಿದ್ದಾರೆ, ಹೋಗುವಂತಿಲ್ಲ. ರಸ್ತೆಯ ಆಚೆ ನಿಂತು ಕತ್ತೆತ್ತಿ ಕಿಟಕಿ ನೋಡಿದೆ. ಪಶ್ಚಿಮದಿಂದ ಮಂಜು ರಸ್ತೆಯುದ್ದಕ್ಕೂ ಇಳಿದು ಬರುತ್ತಿತ್ತು, ಒಂದೊಂದೇ ಮಹಡಿಯನ್ನು ಮುಚ್ಚುತ್ತ. ಬರ್ಬ್ಯಾಂಕಿನ ಸೆಟ್ಟಿನಲ್ಲಿ ಇಲ್ಲದ್ದು ಇದು, ಆದರೂ ಸಿನಿಮಾದ ಉದ್ದಕ್ಕೂ ಇದ್ದದ್ದು ಇದೇ: ಎದುರಿಗಿರುವುದು ಪೂರಾ ಕಾಣದಿರುವುದು, ಕಾಣದಿದ್ದರೂ ಹೆಜ್ಜೆ ಇಡಬೇಕಾಗಿರುವುದು.

ಅಂಥ ಕೋಣೆಯೊಂದರಲ್ಲೇ ಸ್ಪೇಡ್ ಕೊನೆಯ ಲೆಕ್ಕ ಚುಕ್ತಾ ಮಾಡುವುದು. ಬ್ರಿಜಿಡ್ ಅವನ ಎದೆಗೊರಗಿ ಬೇಡುತ್ತಾಳೆ. ಉಸಿರುಗಟ್ಟಿದವಳಂತೆ ಕಾಣಲೆಂದು ಬ್ರಿಜಿಡ್ ಪಾತ್ರದ ಮೇರಿ ಆಸ್ಟರ್ ಪ್ರತಿ ಶಾಟಿಗೂ ಮುಂಚೆ ಸೆಟ್ಟಿನ ಸುತ್ತ ಓಡಿ ಬರುತ್ತಿದ್ದಳಂತೆ. ಆ ಏದುಸಿರು ಸುಳ್ಳೋ ನಿಜವೋ ಇವತ್ತಿಗೂ ಹೇಳಲಾರೆ. ಸ್ಪೇಡನಿಗೆ ಅವಳ ಮೇಲೆ ಮನಸ್ಸಿದೆ. ಸತ್ತ ಆರ್ಚರ್ ಅವನಿಗೆ ಅಂಥ ಪ್ರೀತಿಪಾತ್ರನೇನಲ್ಲ, ಅವನ ಹೆಂಡತಿಯೊಡನೆ ಇವನ ಸಂಬಂಧವೂ ಇತ್ತು. ಆದರೂ ಒಟ್ಟಿಗೆ ದುಡಿದವನನ್ನು ಕೊಂದರೆ ಸುಮ್ಮನಿರುವಂತಿಲ್ಲ ಎಂದು ಅವಳನ್ನು ಪೊಲೀಸರಿಗೆ ಒಪ್ಪಿಸುತ್ತಾನೆ. ಲಿಫ್ಟಿನ ಸರಳುಗಳ ನೆರಳು ಅವಳ ಮುಖದ ಮೇಲೆ ಬೀಳುತ್ತದೆ, ಲಿಫ್ಟು ಇಳಿಯುತ್ತದೆ. ಅವನು ಸೀಸದ ಹಕ್ಕಿ ಹೊತ್ತು ಮೆಟ್ಟಿಲು ಇಳಿಯುತ್ತಾನೆ.

ರಾತ್ರಿ ಫ್ರೀಮಾಂಟ್ ತಲುಪಿ, ಬಿಸಿ ಸಾರನ್ನ ಉಂಡು, ಮೂವರೂ ಸಿನಿಮಾ ಹಾಕಿಕೊಂಡು ಕೂತೆವು. ಅಳಿಯನ ಹೆಂಡತಿ ಅದನ್ನು ನೋಡಿರಲಿಲ್ಲ. ಹಳೇ ಕಪ್ಪು ಬಿಳುಪು ಸಿನಿಮಾ ಎಂದು ಮೊದಲು ಫೋನು ಹಿಡಿದುಕೊಂಡೇ ಕೂತಿದ್ದಳು. ರಾತ್ರಿಯ ಆ ಟೆಲಿಫೋನಿನ ದೃಶ್ಯಕ್ಕೆ ಅದನ್ನು ಪಕ್ಕಕ್ಕಿಟ್ಟಳು. ಮುಗಿದಾಗ ಕಣ್ಣು ಒದ್ದೆಯಾಗಿತ್ತು, ಮಾತು ಮಾತ್ರ ಬಿಸಿ.

"ಅವಳನ್ನ ಬಿಟ್ಟುಬಿಡಬೇಕಿತ್ತು ಮಾಮ. ಪ್ರೀತಿ ಇತ್ತು ತಾನೇ? ಇಷ್ಟವೇ ಇಲ್ಲದ ಪಾಲುದಾರನಿಗೋಸ್ಕರ ಯಾರಾದರೂ ಹಿಡಿದುಕೊಡ್ತಾರಾ?"

"ಬಿಟ್ಟಿದ್ರೆ ನಾಳೆ ಇವನನ್ನೂ ಮುಗಿಸ್ತಿದ್ದಳು" ಎಂದ ಗಂಡ.

"ಅದು ಭಯ ಆಯ್ತು. ಅವನು ಮಾಡಿದ್ದು ಭಯಕ್ಕಾ, ನ್ಯಾಯಕ್ಕಾ?"

ಸ್ಪೇಡ್ ಕಾರಣಗಳನ್ನು ಒಂದೊಂದಾಗಿ ಎಣಿಸುವ ಆ ಜಾಗವನ್ನು ಹಿಂದಕ್ಕೆ ತಳ್ಳಿ ಮತ್ತೆ ಹಾಕಿಸಿದೆ. ಬೋಗಾರ್ಟನ ಮುಖದಲ್ಲಿ ಭಯವೂ ಇತ್ತು, ನ್ಯಾಯವೂ ಇತ್ತು, ಪ್ರೀತಿಯಂತೂ ಇದ್ದೇ ಇತ್ತು. "ಮೂರಕ್ಕೂ" ಎಂದೆ ನಾನು. ಅವಳು ಒಪ್ಪಲಿಲ್ಲ. ಮಧ್ಯರಾತ್ರಿ ಕಳೆದಿತ್ತು. ಇನ್ನೊಮ್ಮೆ ಹಿಂದಕ್ಕೆ ತಳ್ಳಿ ಎಂದಳು.